ಹೋಗುವವರಿಗಿಂತ ಕೇಳುವವರೇ ಹೆಚ್ಚು

2025ರ ಮೇ 22ರ ಬೆಳಿಗ್ಗೆ 10 ಗಂಟೆಗೆ ಒಂದೇ ನಿಮಿಷದಲ್ಲಿ 31,814 ರೈಲು ಟಿಕೆಟ್‌ಗಳು ಆನ್‌ಲೈನ್‌ನಲ್ಲಿ ಬುಕ್ ಆದವು. ನಿಮಿಷವೊಂದರಲ್ಲಿ ಅಷ್ಟು ಟಿಕೆಟ್ ಅದಕ್ಕೂ ಮೊದಲು ಹೋಗಿರಲಿಲ್ಲ. ಹತ್ತು ಗಂಟೆ ಎಂದರೆ ಎಸಿ ದರ್ಜೆಯ ತತ್ಕಾಲ್ ತೆರೆಯುವ ಹೊತ್ತು. ಪ್ರಯಾಣಿಕರ ಹೆಸರು, ವಯಸ್ಸು ಎಲ್ಲ ಮೊದಲೇ ತುಂಬಿಸಿಟ್ಟು, ಗಡಿಯಾರದ ಮುಳ್ಳನ್ನೇ ನೋಡುತ್ತ ಕೂರುವ ಆ ಹೊತ್ತು ಯಾರಿಗೆ ಗೊತ್ತಿಲ್ಲ? ಕೆಲವೇ ದಿನಗಳ ನಂತರ ರೈಲ್ವೆ ಸಚಿವಾಲಯ ಇನ್ನೊಂದು ಸಂಗತಿ ತಿಳಿಸಿತು. ತತ್ಕಾಲ್ ಶುರುವಾದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಆಗಲು ನಡೆಯುವ ಪ್ರಯತ್ನಗಳಲ್ಲಿ ಅರ್ಧದವರೆಗೂ ಮನುಷ್ಯರದ್ದಲ್ಲ, ತಾವಾಗಿಯೇ ಓಡುವ ತಂತ್ರಾಂಶಗಳಾದ ಬಾಟ್‌ಗಳದ್ದು. ಎರಡೂವರೆ ಕೋಟಿಗೂ ಹೆಚ್ಚು ಅನುಮಾನಾಸ್ಪದ ಖಾತೆಗಳನ್ನು ಮುಚ್ಚಬೇಕಾಯಿತು.

ಈ ಅಂಕಿಗಳನ್ನು ನಾವು ಅನ್ಯಾಯದ ಲೆಕ್ಕವಾಗಿ ಓದಿದೆವು. ಓದಬೇಕಾದ್ದೇ. ಆದರೆ ಇವುಗಳಲ್ಲಿ ಕರೆಂಟಿನ ಲೆಕ್ಕವೂ ಇದೆ. ಬಾಟ್ ಬಂದು ಬಾಗಿಲು ತಟ್ಟಿದರೂ, ಮನುಷ್ಯ ಬಂದು ತಟ್ಟಿದರೂ ಸರ್ವರ್ ಎದ್ದು ನೋಡಲೇಬೇಕು. ನೋಡಿ ಇಲ್ಲ ಎನ್ನುವುದಕ್ಕೂ ವಿದ್ಯುತ್ ಬೇಕು.

ಪ್ರವಾಸದ ಇಂಧನ ಎಂದ ಕೂಡಲೇ ಕಣ್ಣಿಗೆ ಬರುವುದು ವಿಮಾನ, ಟ್ಯಾಕ್ಸಿ, ಹೋಟೆಲಿನ ಎಸಿ. ಅದು ತಪ್ಪಲ್ಲ. 2019ರಲ್ಲಿ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 8.8ರಷ್ಟು ಪ್ರವಾಸೋದ್ಯಮದ್ದು ಎಂದು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ. ಅದರಲ್ಲಿ ದೊಡ್ಡ ಪಾಲು ಸಾರಿಗೆಯದ್ದು. ಈ ದೊಡ್ಡ ಗದ್ದಲದ ಹಿಂದೆ ಸದ್ದಿಲ್ಲದೆ ಉರಿಯುವುದು ಮಾಹಿತಿ ತಂತ್ರಜ್ಞಾನ. ಹುಡುಕುವುದು, ದರ ಹೋಲಿಸುವುದು, ಬುಕ್ ಮಾಡುವುದು, ರದ್ದು ಮಾಡುವುದು, ಮ್ಯಾಪ್ ನೋಡುವುದು, ಫೋಟೊ ಏರಿಸುವುದು ಎಲ್ಲವೂ ಎಲ್ಲೋ ಒಂದು ಡೇಟಾ ಸೆಂಟರ್‌ನಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ತಿನ ಶೇ 1.5. ಭಾರತ ವರ್ಷವಿಡೀ ಉತ್ಪಾದಿಸುವ ವಿದ್ಯುತ್ತಿನ ಕಾಲುಭಾಗಕ್ಕಿಂತ ತುಸು ಕಡಿಮೆ. 2030ರ ಹೊತ್ತಿಗೆ ಅದು ದುಪ್ಪಟ್ಟು ಮೀರುತ್ತದೆ ಎಂಬುದು ಅದೇ ಸಂಸ್ಥೆಯ ಎಣಿಕೆ. ಬ್ಯಾಂಕು, ಸಿನಿಮಾ, ಹೋಟೆಲ್ ಹುಡುಕಾಟ ಎಲ್ಲ ಒಂದೇ ಸರ್ವರ್ ಸಾಲಿನಲ್ಲಿ ಓಡುವುದರಿಂದ ಪ್ರವಾಸಕ್ಕೆ ಪ್ರತ್ಯೇಕ ಮೀಟರ್ ಇಲ್ಲ. ಹಾಗಾಗಿ ಒಟ್ಟು ಮೊತ್ತದ ಬೆನ್ನು ಹತ್ತುವುದು ಬಿಟ್ಟು, ಒಂದು ಟಿಕೆಟಿನ ಹಿಂದೆ ಏನೇನು ನಡೆಯುತ್ತದೆ ಎಂದು ನೋಡುವುದು ಮೇಲು.

1950ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಸೀಟು ಕಾದಿರಿಸುವುದು ಹೇಗಿತ್ತು ಗೊತ್ತೆ? ಲಿಟಲ್ ರಾಕ್ ಎಂಬ ಊರಿನ ಕಚೇರಿಯಲ್ಲಿ ರೂಪುಗೊಂಡಿದ್ದ ಪದ್ಧತಿಯಂತೆ ಒಂದು ತಿರುಗುವ ಪೆಟ್ಟಿಗೆ. ಅದರಲ್ಲಿ ವಿಮಾನಕ್ಕೊಂದು ಕಾರ್ಡು. ಸುತ್ತ ಎಂಟು ಮಂದಿ ಕೂತು ಕಾರ್ಡು ಎಳೆಯುವುದು, ಗುರುತು ಹಾಕುವುದು, ಮತ್ತೆ ಇಡುವುದು. ಒಂದು ಟಿಕೆಟ್ ಮುಗಿಯಲು ಸರಾಸರಿ 90 ನಿಮಿಷ. ಪೆಟ್ಟಿಗೆಯ ಸುತ್ತ ಒಂಬತ್ತನೆಯವರಿಗೆ ಜಾಗವಿರಲಿಲ್ಲ. 1953ರಲ್ಲಿ ಕಂಪನಿಯ ಅಧ್ಯಕ್ಷ ಸಿ.ಆರ್. ಸ್ಮಿತ್ ಅವರಿಗೆ ತಮ್ಮದೇ ವಿಮಾನದಲ್ಲಿ ಐಬಿಎಂ ಮಾರಾಟ ಪ್ರತಿನಿಧಿಯೊಬ್ಬರ ಪರಿಚಯವಾಯಿತು. ಅವರ ಹೆಸರೂ ಸ್ಮಿತ್, ಬ್ಲೇರ್ ಸ್ಮಿತ್. ಆ ಹರಟೆಯಿಂದ ಹುಟ್ಟಿದ್ದು ‘ಸೇಬರ್’. ನ್ಯೂಯಾರ್ಕ್ ಬಳಿಯ ಬ್ರಯರ್‌ಕ್ಲಿಫ್ ಮ್ಯಾನರ್‌ನಲ್ಲಿ ಎರಡು ಐಬಿಎಂ 7090 ಕಂಪ್ಯೂಟರ್‌ಗಳ ಮೇಲೆ 1960ರಲ್ಲಿ ಅದು ಶುರುವಾಯಿತು. 1964ರ ಹೊತ್ತಿಗೆ ಕಂಪನಿಯ ಎಲ್ಲ ಬುಕಿಂಗ್ ಅದರೊಳಗೆ ಬಂತು. ಯುರೋಪಿನ ನಾಲ್ಕು ವಿಮಾನ ಕಂಪನಿಗಳು ಸೇರಿ 1987ರಲ್ಲಿ ಕಟ್ಟಿದ ಅಮೇಡಿಯಸ್ ಇದರ ದೊಡ್ಡ ಪ್ರತಿಸ್ಪರ್ಧಿ. ಅದರ ಮುಖ್ಯ ಡೇಟಾ ಸೆಂಟರ್ ಮ್ಯೂನಿಕ್ ಪಕ್ಕದ ಎರ್ಡಿಂಗ್‌ನಲ್ಲಿ ಬೆಳೆಯಿತು. ಸೇಬರ್ ಮತ್ತು ಅಮೇಡಿಯಸ್ ಎರಡಕ್ಕೂ ಇಂದು ಬೆಂಗಳೂರಿನಲ್ಲಿ ದೊಡ್ಡ ತಂತ್ರಾಂಶ ಕೇಂದ್ರಗಳಿವೆ. ಜಗತ್ತಿನ ಯಾವುದೋ ಮೂಲೆಯ ಟಿಕೆಟಿನ ತಂತ್ರಾಂಶವನ್ನು ನಮ್ಮ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಯಾರೋ ತಿದ್ದುತ್ತಿರಬಹುದು.

ಆ ಕಾರ್ಡು ಪೆಟ್ಟಿಗೆಯ ಕಾಲದಲ್ಲಿ ಕೇಳುವುದಕ್ಕೆ ಬೆಲೆ ಇತ್ತು. ಟ್ರಾವೆಲ್ ಏಜೆಂಟರ ಎದುರು ಕೂತು ‘ಮಂಗಳವಾರ ಆದರೆ ಎಷ್ಟು, ಬುಧವಾರ ಆದರೆ ಎಷ್ಟು, ಬೇರೆ ಊರಿಂದ ಹತ್ತಿದರೆ ಎಷ್ಟು’ ಎಂದು ನಲವತ್ತು ಸಲ ಕೇಳಲು ಸಂಕೋಚವಾಗುತ್ತಿತ್ತು. ಏಜೆಂಟರ ಮುಖ ನೋಡಿಯೇ ನಿಲ್ಲಿಸುತ್ತಿದ್ದೆವು. ಪರದೆಗೆ ಮುಖವಿಲ್ಲ. ಉದ್ಯಮದವರು ಇದನ್ನು ‘ಲುಕ್ ಟು ಬುಕ್’ ಎನ್ನುತ್ತಾರೆ: ಎಷ್ಟು ಸಲ ನೋಡಿದರೆ ಒಂದು ಬುಕಿಂಗ್ ಆಗುತ್ತದೆ ಎಂಬ ಅನುಪಾತ. ಏಜೆಂಟರ ಕಾಲದಲ್ಲಿ ಅದು ಹತ್ತಕ್ಕೆ ಒಂದರ ಆಸುಪಾಸಿನಲ್ಲಿತ್ತು. ಈಗ ವಿಮಾನ ಟಿಕೆಟಿನಲ್ಲಿ ಸಾವಿರಕ್ಕೆ ಒಂದು, ಅದನ್ನೂ ಮೀರಿ ಎಂಬ ಮಾತು ಉದ್ಯಮದಲ್ಲಿ ಮಾಮೂಲು. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ಹಾಕಿಸಿ ‘ಆಮೇಲೆ ಬರ್ತೀವಿ’ ಎಂದು ಎದ್ದು ಹೋಗುವವರನ್ನು ನೆನೆಸಿಕೊಳ್ಳಿ. ಇಲ್ಲಿ ಬಿಡಿಸುವುದು ಸಾವಿರ ಸೀರೆ, ಬಿಡಿಸುವುದು ಮಡಚುವುದು ಎರಡಕ್ಕೂ ಕರೆಂಟು, ಮತ್ತು ನೋಡುತ್ತಿರುವವರಲ್ಲಿ ಬಹಳಷ್ಟು ಮಂದಿ ಪಕ್ಕದ ಅಂಗಡಿಯವರು ಕಳಿಸಿದ ಯಂತ್ರಗಳು. ಎದುರಾಳಿಯ ದರ ಏನೆಂದು ಗಳಿಗೆಗೊಮ್ಮೆ ಕೆದಕಿ ತರುವುದೇ ಅವುಗಳ ಉದ್ಯೋಗ.

ವಿಮಾನದ ದರ ಕೇಳುವುದು ಮಾಮೂಲಿ ಗೂಗಲ್ ಹುಡುಕಾಟದಷ್ಟು ಸುಲಭದ ಕೆಲಸವೂ ಅಲ್ಲ. ಹೋಗಲು ನೂರು ದಾರಿ, ಬರಲು ನೂರು ದಾರಿ ಇದ್ದರೆ ಜೋಡಿಗಳೇ ಹತ್ತು ಸಾವಿರ. ಪ್ರತಿ ಜೋಡಿಯ ಪ್ರತಿ ಹಂತಕ್ಕೂ ಹತ್ತಾರು ದರಗಳು, ಒಂದೊಂದು ದರಕ್ಕೂ ಪುಟಗಟ್ಟಲೆ ಷರತ್ತುಗಳು: ಶನಿವಾರದ ರಾತ್ರಿ ಅಲ್ಲೇ ಉಳಿಯಬೇಕು, ಇಷ್ಟು ದಿನ ಮೊದಲೇ ಕೊಂಡಿರಬೇಕು, ಈ ದರದ ಜೊತೆ ಆ ದರ ಸೇರಿಸುವಂತಿಲ್ಲ. ಲೆಕ್ಕ ಕೋಟಿ ದಾಟುತ್ತದೆ. ಐಟಿಎ ಸಾಫ್ಟ್‌ವೇರ್ ಎಂಬ ಕಂಪನಿಯ ವಿಜ್ಞಾನಿ ಕಾರ್ಲ್ ಡಿ ಮಾರ್ಕೆನ್ ಎರಡು ದಶಕದ ಹಿಂದೆಯೇ ತೋರಿಸಿದ್ದು ಇದನ್ನು. ಎಲ್ಲ ನಿಯಮಗಳನ್ನೂ ಇಟ್ಟುಕೊಂಡು ‘ಇದೇ ಅತಿ ಅಗ್ಗದ ಟಿಕೆಟ್’ ಎಂದು ಪ್ರತಿ ಸಲವೂ ಖಾತ್ರಿಯಾಗಿ ಹೇಳುವುದು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲದ ಸಮಸ್ಯೆ. ಆ ಕಂಪನಿಯನ್ನು ಗೂಗಲ್ 70 ಕೋಟಿ ಡಾಲರ್ ಕೊಟ್ಟು ಕೊಂಡಿತು. ಗೂಗಲ್ ಫ್ಲೈಟ್ಸ್‌ನ ಬೇರು ಅಲ್ಲಿದೆ.

ಹೀಗಾಗಿ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಬೆಂಗಳೂರು–ದೆಹಲಿ ದರವನ್ನು ಈಗಷ್ಟೇ ಯಾರೋ ಕೇಳಿದ್ದಾರೆ ಎಂದರೆ ಆ ಉತ್ತರವನ್ನೇ ಎತ್ತಿಟ್ಟು ಮುಂದಿನವರಿಗೂ ಕೊಡುವುದು. ಕ್ಯಾಶಿಂಗ್ ಎನ್ನುವುದು ಇದನ್ನೇ. ಕರೆಂಟು ಉಳಿಯುತ್ತದೆ, ಉತ್ತರ ಮಾತ್ರ ತುಸು ಹಳಸಿರುತ್ತದೆ. ಹಣ ಕಟ್ಟುವ ಹೊತ್ತಿಗೆ ‘ಕ್ಷಮಿಸಿ, ದರ ಬದಲಾಗಿದೆ’ ಎಂಬ ಸಂದೇಶ ಬರುವ ಕಾರಣಗಳಲ್ಲಿ ಇದೂ ಒಂದು. ಈಗ ಗಾಳಿ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ. ವಿಮಾನ ಕಂಪನಿಗಳ ಒಕ್ಕೂಟವಾದ ಐಯಾಟಾ ಮುಂದೆ ತಂದಿರುವ ಹೊಸ ಮಾರಾಟ ಪದ್ಧತಿಯಲ್ಲಿ ದರವನ್ನು ಮೊದಲೇ ಪಟ್ಟಿ ಮಾಡಿಡುವ ಬದಲು, ಕೇಳಿದ ಕ್ಷಣದಲ್ಲಿ, ಕೇಳಿದವರಿಗೆ ತಕ್ಕಂತೆ ಕಂಪನಿಯೇ ಲೆಕ್ಕ ಹಾಕಿ ಕೊಡಬಹುದು. ಒಬ್ಬೊಬ್ಬರಿಗೂ ಬೇರೆ ಉತ್ತರ ಎಂದಾದರೆ ಎತ್ತಿಟ್ಟ ಉತ್ತರ ಕೆಲಸಕ್ಕೆ ಬಾರದು. ನಮ್ಮ ಜೇಬಿನ ಆಳ ಅಳೆದು ದರ ಹೇಳುವ ಈ ಜಾಣತನಕ್ಕೆ ವಿದ್ಯುತ್ತೂ ಹೆಚ್ಚು ಬೇಕು. ಇದನ್ನು ‘ಗ್ರಾಹಕರಿಗೆ ಅನುಕೂಲ’ ಎಂದು ಕರೆಯುವುದನ್ನು ನಾನಂತೂ ಒಪ್ಪಲಾರೆ.

ರೈಲು ಈ ವಿಷಯದಲ್ಲಿ ಸಾಧು ಪ್ರಾಣಿ. ಬಹುಪಾಲು ಗಾಡಿಗಳಲ್ಲಿ ದೂರಕ್ಕೆ, ದರ್ಜೆಗೆ ತಕ್ಕ ನಿಗದಿತ ದರ. ಉತ್ತರ ಹುಡುಕಲು ಬುದ್ಧಿವಂತಿಕೆ ಬೇಡ. ಆದರೂ ಅಲ್ಲಿಯೂ ಕೇಳುವವರ ಸಂತೆ ಬೆಳೆಯುತ್ತಿದೆ. 2025ರ ಜೂನ್‌ನಲ್ಲಿ ರೈಲ್ವೆ ಪ್ರಕಟಿಸಿದ ಹೊಸ ಮೀಸಲಾತಿ ವ್ಯವಸ್ಥೆಯ ಗುರಿಗಳನ್ನು ನೋಡಿ: ಟಿಕೆಟ್ ಕೊಡುವ ಸಾಮರ್ಥ್ಯ ನಿಮಿಷಕ್ಕೆ 32,000ದಿಂದ ಒಂದೂವರೆ ಲಕ್ಷಕ್ಕೆ, ವಿಚಾರಣೆಗೆ ಉತ್ತರಿಸುವ ಸಾಮರ್ಥ್ಯ 4 ಲಕ್ಷದಿಂದ 40 ಲಕ್ಷಕ್ಕೆ. ಟಿಕೆಟ್ ಸುಮಾರು ಐದು ಪಟ್ಟು, ಪ್ರಶ್ನೆ ಹತ್ತು ಪಟ್ಟು. ಟಿಕೆಟಿಗಿಂತ ಪ್ರಶ್ನೆಯೇ ವೇಗವಾಗಿ ಹೆಚ್ಚುತ್ತದೆ ಎಂದು ಇಲಾಖೆಯೇ ಲೆಕ್ಕ ಹಾಕಿ ಕೂತಿದೆ ಎಂದಾಯಿತು. ಸೀಟುಗಳ ಸಂಖ್ಯೆ ಇದರಿಂದ ಒಂದೂ ಹೆಚ್ಚುವುದಿಲ್ಲ ಎಂಬುದು ಬೇರೆ ಮಾತು.

ಸಾಮರ್ಥ್ಯ ಹೆಚ್ಚಿಸುವುದರಲ್ಲಿ ಇನ್ನೊಂದು ತೊಡಕಿದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬೆಳಿಗ್ಗೆ ಹತ್ತರ ಆ ಒಂದು ನಿಮಿಷದ ನೂಕುನುಗ್ಗಲಿಗೆಂದು ಕಟ್ಟಿದ ಸರ್ವರ್‌ಗಳು ಮಧ್ಯಾಹ್ನ ಮೂರಕ್ಕೂ ಚಾಲೂ ಇರುತ್ತವೆ. ಗೂಗಲ್‌ನ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲ 2007ರಲ್ಲಿ ಬರೆದ ಹೆಸರುವಾಸಿ ಲೇಖನದ ತಿರುಳೇ ಇದು. ಸಾಮಾನ್ಯವಾಗಿ ಸರ್ವರ್‌ಗಳು ತಮ್ಮ ಶಕ್ತಿಯ ಶೇ 10ರಿಂದ 50ರಷ್ಟು ಮಾತ್ರ ದುಡಿಯುತ್ತ ದಿನ ಕಳೆಯುತ್ತವೆ. ಏನೂ ಮಾಡದೆ ಕೂತಾಗಲೂ ಪೂರ್ತಿ ದುಡಿತದ ಅರ್ಧದಷ್ಟು ಕರೆಂಟು ಹೀರುತ್ತವೆ ಎಂದು ಅವರು ತೋರಿಸಿದರು. ಆಮೇಲೆ ಯಂತ್ರಗಳು ಸುಧಾರಿಸಿವೆ. ಆದರೂ ಖಾಲಿ ಕೂತ ಸರ್ವರ್ ಪುಕ್ಕಟೆಯಲ್ಲ. ಕ್ಲೌಡ್ ಕಂಪನಿಗಳ ವಾದಕ್ಕೆ ಬಲ ಬಂದಿರುವುದು ಇಲ್ಲೇ: ತತ್ಕಾಲ್ ಮುಗಿದ ಮೇಲೆ ಅದೇ ಯಂತ್ರದಲ್ಲಿ ಬೇರೆಯವರ ಕೆಲಸ ಓಡಿಸಬಹುದು. ಸೇಬರ್ 2020ರಲ್ಲಿ ಗೂಗಲ್ ಜೊತೆ, ಅಮೇಡಿಯಸ್ 2021ರಲ್ಲಿ ಮೈಕ್ರೊಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಮನೆಯ ಯಂತ್ರಗಳಿಂದ ಹೊರನಡೆದದ್ದಕ್ಕೆ ಹಣದ ಲೆಕ್ಕವೇ ಮುಖ್ಯ ಕಾರಣವಿದ್ದೀತು. ಕರೆಂಟಿನ ಲೆಕ್ಕವೂ ಅದರ ಜೊತೆಗೇ ತಾಳೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ತಕ್ಕಡಿಯನ್ನೂ ಹಿಡಿಯಬೇಕು. ಬೆಂಗಳೂರಿನಿಂದ ದೆಹಲಿಗೆ ಹಾರುವ ಎ320 ವಿಮಾನದಲ್ಲಿ ಒಬ್ಬ ಪ್ರಯಾಣಿಕನ ಪಾಲಿಗೆ ಉರಿಯುವ ಇಂಧನ ಸ್ಥೂಲವಾಗಿ 35 ಕಿಲೊ. ಅದರೊಳಗಿನ ಶಕ್ತಿಯನ್ನು ಯೂನಿಟ್‌ಗೆ ಇಳಿಸಿದರೆ ಸುಮಾರು 400. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅಂದರೆ ಎರಡು ತಿಂಗಳ ಮನೆಯ ಕರೆಂಟು ಎರಡೂವರೆ ಗಂಟೆಯಲ್ಲಿ ಆಕಾಶದಲ್ಲಿ ಮುಗಿಯಿತು. ಇನ್ನು ಹುಡುಕಾಟ: ಗೂಗಲ್ 2009ರಲ್ಲಿ ಹೇಳಿದ್ದ ಲೆಕ್ಕದಂತೆ ಒಂದು ಮಾಮೂಲಿ ಹುಡುಕಾಟಕ್ಕೆ 0.0003 ಯೂನಿಟ್. ವಿಮಾನ ದರದ ಪ್ರಶ್ನೆ ಅದಕ್ಕಿಂತ ನೂರು ಪಟ್ಟು ಭಾರ ಎಂದೇ ಹಿಡಿಯಿರಿ, ಒಂದು ಟಿಕೆಟಿಗೆ ಸಾವಿರ ಪ್ರಶ್ನೆ ಎಂದೂ ಹಿಡಿಯಿರಿ. ಇಷ್ಟು ಉದಾರವಾಗಿ ಲೆಕ್ಕ ಹಾಕಿದರೂ 30 ಯೂನಿಟ್ ಆಗುತ್ತದೆ. ಹಾರಾಟದ 400ರ ಮುಂದೆ ಅದು ಶೇ 8ನ್ನೂ ಮುಟ್ಟುವುದಿಲ್ಲ. ನಿಜದಲ್ಲಿ ಇನ್ನೂ ಬಹಳ ಕಡಿಮೆಯೇ ಇದ್ದೀತು. ಮೂಗಿಗಿಂತ ಮೂಗುತಿ ಭಾರವಾಗುವ ಕಾಲ ಬಂದಿಲ್ಲ. ‘ಒಂದು ಇಮೇಲ್ ಅಳಿಸಿ, ಭೂಮಿ ಉಳಿಸಿ’ ಎಂಬ ಧಾಟಿಯ ಉಪದೇಶಗಳನ್ನು ವಿಮಾನ ನಿಲ್ದಾಣದ ಲೌಂಜಿನಲ್ಲಿ ಕೂತು ಓದುವುದು ತಮಾಷೆಯಾಗಿ ಕಾಣುತ್ತದೆ.

ಆದರೆ ಇದೇ ತಕ್ಕಡಿಯನ್ನು ರೈಲಿಗೆ ಹಿಡಿದರೆ ಮುಳ್ಳು ಬೇರೆ ಕಡೆ ವಾಲುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ತುಂಬಿದ ವಿದ್ಯುತ್ ರೈಲಿನಲ್ಲಿ ಒಬ್ಬರನ್ನು ಒಯ್ಯಲು ತಗಲುವುದು ಹತ್ತು ಯೂನಿಟ್‌ನ ಆಸುಪಾಸು. ಪ್ರಯಾಣವೇ ಇಷ್ಟು ಹಗುರವಾದಾಗ ಅದರ ಸುತ್ತ ಕಟ್ಟಿದ ಪರದೆ, ಸರ್ವರ್, ಬಾಟ್‌ಗಳ ತೂಕ ಎದ್ದು ಕಾಣುತ್ತದೆ. ಪ್ರಯಾಣವನ್ನು ಹಸಿರು ಮಾಡಿದಷ್ಟೂ ಕೇಳುವಿಕೆಯ ಪಾಲು ಏರುತ್ತ ಹೋಗುತ್ತದೆ.

ತಂತ್ರಜ್ಞಾನ ಇಂಧನ ಉಳಿಸಿದ ಕತೆಗಳೂ ಇವೆ, ಅವನ್ನು ಬಿಟ್ಟರೆ ಪಕ್ಷಪಾತವಾದೀತು. ಪೈಲಟ್‌ಗಳು ಹೊತ್ತೊಯ್ಯುತ್ತಿದ್ದ ಕೈಪಿಡಿ, ನಕ್ಷೆಗಳ ಚೀಲ ಸುಮಾರು 16 ಕಿಲೊ ತೂಗುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಅದರ ಬದಲು ಐಪ್ಯಾಡ್ ಕೊಟ್ಟಿತು. ವರ್ಷಕ್ಕೆ 4 ಲಕ್ಷ ಗ್ಯಾಲನ್ ಇಂಧನ, 12 ಲಕ್ಷ ಡಾಲರ್ ಉಳಿಯುತ್ತದೆ ಎಂದು ಹೇಳಿಕೊಂಡಿತು. ಹೋಟೆಲ್ ಕೋಣೆಯ ಕೀ ಕಾರ್ಡ್ ಎಳೆದರೆ ಎಸಿ ಆರುವುದೂ ಇದೇ ಜಾತಿಯದ್ದು. ಅದೇ ಕೋಣೆಯಲ್ಲಿ ಕಾರ್ಡಿಗೆ ಅಂಜದೆ ಹತ್ತು ವಾಟ್ ಹೀರುತ್ತ ಕೂತ ಸೆಟ್‌ಟಾಪ್ ಬಾಕ್ಸ್ ನೂರು ಕೋಣೆಗಳ ಹೋಟೆಲಿನಲ್ಲಿ ದಿನಕ್ಕೆ 24 ಯೂನಿಟ್ ತಿನ್ನುತ್ತದೆ ಎಂಬುದನ್ನು ಮ್ಯಾನೇಜರುಗಳು ಗಮನಿಸಿದಂತಿಲ್ಲ.

ನಿಜವಾದ ಭಾರ ಇರುವುದು ಇನ್ನೊಂದು ಕಡೆ. ಇಪ್ಪತ್ತು ನಿಮಿಷದ ಒಂದು ಪ್ರವಾಸಿ ವ್ಲಾಗ್ ತೆಗೆದುಕೊಳ್ಳಿ. ಒಂದು ಗಂಟೆ ವಿಡಿಯೊ ನೋಡಲು ಸುಮಾರು 0.077 ಯೂನಿಟ್ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿತ್ತು. ಆ ವ್ಲಾಗ್ ಹತ್ತು ಲಕ್ಷ ಮಂದಿ ನೋಡಿದರೆ ಖರ್ಚಾಗುವುದು ಸುಮಾರು 25 ಸಾವಿರ ಯೂನಿಟ್. ಕೇಳಲು ದೊಡ್ಡದು, ಆದರೆ ದೆಹಲಿ ವಿಮಾನದ ಅರವತ್ತು ಸೀಟಿಗೆ ಮುಗಿದುಹೋಗುತ್ತದೆ. ಹತ್ತು ಲಕ್ಷ ನೋಡುಗರಲ್ಲಿ ನೂರು ಮಂದಿ ‘ನಾವೂ ಹೋಗೋಣ’ ಎಂದು ವಿಮಾನ ಹತ್ತಿದರೆ ಅವರ ಹಾರಾಟದ ಲೆಕ್ಕವೇ ವಿಡಿಯೊದ ಕರೆಂಟನ್ನು ಮೀರಿಸುತ್ತದೆ. ಪ್ರವಾಸೋದ್ಯಮದಲ್ಲಿ ಐಟಿ ಎಷ್ಟು ವಿದ್ಯುತ್ ನುಂಗುತ್ತದೆ ಎನ್ನುವುದಕ್ಕಿಂತ, ಎಷ್ಟು ಮಂದಿಯನ್ನು ಎಬ್ಬಿಸಿ ಹೊರಡಿಸುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ. ಉಗಿ ಎಂಜಿನ್ ಮಿತವ್ಯಯಿಯಾದಷ್ಟೂ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಹೆಚ್ಚು ಉರಿಯಿತು ಎಂದು ವಿಲಿಯಂ ಜೆವನ್ಸ್ 1865ರಲ್ಲೇ ಬರೆದಿದ್ದ. ಟಿಕೆಟ್ ಕೊಳ್ಳುವುದು ಸುಲಭವಾದಷ್ಟೂ ಪ್ರಯಾಣ ಹೆಚ್ಚುವುದು ಅದೇ ವಂಶದ ಸಂಗತಿ.

ಇದು ಕುಮಾರ ಪರ್ವತದಲ್ಲಿ ಕಣ್ಣಿಗೇ ಕಂಡಿತು. 2024ರ ಜನವರಿ ಕೊನೆಯ ರಜೆಯಲ್ಲಿ ಚಾರಣಿಗರು ಸಾವಿರಾರು ಸಂಖ್ಯೆಯಲ್ಲಿ ಬಂದು ಕಾಡಿನ ದಾರಿಯಲ್ಲಿ ಜಾತ್ರೆಯಂತೆ ನೆರೆದರು. ಆ ಗುಂಪಿನ ವಿಡಿಯೊಗಳೂ ಹರಿದಾಡಿದವು. ರೀಲ್ಸ್ ಕರೆತಂದ ಜನರದ್ದೇ ರೀಲ್ಸ್! ಸರ್ಕಾರ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ. ಆ ತಾಣ ಬಳಸುವ ವಿದ್ಯುತ್ ಎಷ್ಟೇ ಇರಲಿ, ಮುನ್ನೂರೊಂದನೆಯವನು ಬೆಂಗಳೂರಿನಿಂದ ಕಾರು ತೆಗೆಯದಂತೆ ತಡೆದರೆ ಅದು ಲಾಭದಲ್ಲೇ ಇದೆ. ಬುಕಿಂಗ್ ತಂತ್ರಾಂಶವನ್ನು ಮಾರುವುದಕ್ಕಷ್ಟೇ ಅಲ್ಲ, ‘ಇವತ್ತು ಜಾಗವಿಲ್ಲ’ ಎಂದು ಹೊರಡುವ ಮೊದಲೇ ಹೇಳುವುದಕ್ಕೂ ಬಳಸಬಹುದು. ಅತಿಹೆಚ್ಚು ಉಳಿತಾಯ ಸಿಗುವುದು ಈ ಬಳಕೆಯಲ್ಲೇ ಎಂಬುದು ನನ್ನ ಅಂದಾಜು. ಖಾಸಗಿ ಕಂಪನಿಗಳು ಇದರತ್ತ ಮುಖ ಹಾಕದಿರುವುದಕ್ಕೆ ಕಾರಣ ಹೇಳಬೇಕಾಗಿಲ್ಲ.

ರೈಲ್ವೆ 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದ್ದನ್ನೂ ಇದೇ ಕಣ್ಣಿನಲ್ಲಿ ನೋಡಬಹುದು. 61ರಿಂದ 120 ದಿನ ಮೊದಲೇ ಮಾಡಿದ ಬುಕಿಂಗ್‌ಗಳಲ್ಲಿ ಶೇ 21ರಷ್ಟು ರದ್ದಾಗುತ್ತಿದ್ದವು ಎಂದು ಸಚಿವಾಲಯ ಆಗ ಹೇಳಿತ್ತು. ಬುಕ್ ಮಾಡು, ಕಾಯಿಸು, ರದ್ದು ಮಾಡು, ಹಣ ಮರಳಿಸು ಎಂಬ ಚಕ್ರದ ಒಂದೊಂದು ಸುತ್ತಿಗೂ ಯಂತ್ರ ತಿರುಗಬೇಕು. ನಿಯಮದ ಒಂದು ಸಾಲು ಬದಲಿಸಿದರೆ ಉಳಿಯುವ ಕೆಲಸ, ಹೊಸ ಸರ್ವರ್ ಕೊಂಡರೆ ಉಳಿಯುವುದಿಲ್ಲ.

ಈಗ ಬಂದಿರುವುದು ಎಐ ಸಹಾಯಕರ ಕಾಲ. ‘ಡಿಸೆಂಬರ್‌ನಲ್ಲಿ ನಾಲ್ಕು ಮಂದಿ, ಎಂಟು ದಿನ, ಸಮುದ್ರ ಬೇಕು, ಅಗ್ಗವಾಗಿರಲಿ’ ಎಂದರೆ ಸಾಕು, ಅದು ನಮ್ಮ ಪರವಾಗಿ ಸೈಟುಗಳನ್ನು ಸುತ್ತಲು ಹೊರಡುತ್ತದೆ. ತನ್ನ ಎಐ ಸಹಾಯಕ ಜೆಮಿನಿಗೆ ಕೇಳುವ ಒಂದು ಸಾಧಾರಣ ಪಠ್ಯ ಪ್ರಶ್ನೆಗೆ 0.00024 ಯೂನಿಟ್ ಸಾಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಅದು ಆ ಒಂದು ಉತ್ತರದ ಲೆಕ್ಕ. ಸಹಾಯಕ ಹೋಗಿ ತಟ್ಟುವ ಬಾಗಿಲುಗಳಲ್ಲಿ ಒಂದೊಂದರ ಹಿಂದೆಯೂ ನಡೆಯುವ ಕೋಟಿ ಜೋಡಣೆಗಳ ಲೆಕ್ಕ ಅದರಲ್ಲಿಲ್ಲ. ನಮಗೆ ನಲವತ್ತನೇ ಸಲ ಕೇಳುವಾಗ ಬೇಸರವಾದರೂ ಬರುತ್ತಿತ್ತು, ಇದಕ್ಕೆ ಅದೂ ಇಲ್ಲ. ಇಂಥ ಸಹಾಯಕನನ್ನು ಗ್ರಾಹಕ ಎಂದು ಒಳಗೆ ಬಿಡಬೇಕೋ, ಬಾಟ್ ಎಂದು ಹೊರದಬ್ಬಬೇಕೋ ಎಂಬ ಜಗಳ ಶುರುವಾಗಿದೆ. ನಮ್ಮ ರೈಲ್ವೆ 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ ಮಾಡಿ ತನ್ನ ಬಾಗಿಲಿಗೆ ಚಿಲಕ ಹಾಕಿಕೊಂಡಿದೆ. ವಿಮಾನ ಕಂಪನಿಗಳು ಇನ್ನೊಂದು ದಾರಿ ಹಿಡಿದಿವೆ. ಮಿತಿ ಮೀರಿ ಕೇಳಿ ಏನನ್ನೂ ಕೊಳ್ಳದ ಏಜೆನ್ಸಿಗಳಿಗೆ ಶುಲ್ಕ ವಿಧಿಸುವ ಷರತ್ತನ್ನು ಒಪ್ಪಂದದಲ್ಲೇ ಬರೆಯುವುದು ಈಗ ಅಪರೂಪವಲ್ಲ. ಗೂಗಲ್ ಫ್ಲೈಟ್ಸ್ 2021ರಿಂದ ಪ್ರತಿ ಹಾರಾಟದ ಪಕ್ಕ ಅದರ ಇಂಗಾಲದ ಅಂದಾಜು ತೋರಿಸುತ್ತಿದೆ. ಆ ಹಾರಾಟಗಳ ಪಟ್ಟಿಯನ್ನು ತಯಾರಿಸಲು ತಗಲಿದ ಯೂನಿಟ್ ಎಷ್ಟೆಂಬುದನ್ನೂ ಪುಟದ ತುದಿಯಲ್ಲಿ ಒಂದು ಸಾಲಿನಲ್ಲಿ ಹಾಕಿ ಎಂದು ಆ ಕಂಪನಿಯನ್ನೂ, ನಮ್ಮ ಬುಕಿಂಗ್ ಆ್ಯಪ್‌ಗಳನ್ನೂ ಕೇಳಲು ಅಡ್ಡಿಯಿಲ್ಲ. ಅಂಕಿ ಸಣ್ಣದೇ ಆಗಿದ್ದರೆ ಅವರಿಗೆ ಹಿಂಜರಿಕೆ ಯಾಕೆ?